ಹೈಸ್ಕೂಲು ಮಕ್ಕಳಿಗೆ ಸಂಗೀತ ಯಾಕೆ ಬೇಕು?



ತಲಘಟ್ಟಪುರದ ನಮ್ಮ ಒಂದು ಸ್ವಸಹಾಯ ಸಂಘದ ಜೂನ್ ತಿಂಗಳ ಸಭೆಗೆ ಒಂದು ಸಾಲದ ಅರ್ಜಿ ಬಂತು. ಜೂನ್‌ನಲ್ಲಿ ಶಾಲೆಯ ಫೀಸು, ಪುಸ್ತಕ, ಯೂನಿಫಾರಂ ಅಂತ ಸಾಲ ಕೇಳುವುದು ಹೊಸದೇನಲ್ಲ. ಆದರೆ ಈ ತಾಯಿ ಕೇಳಿದ್ದು ಮಗಳಿಗೆ ಪಿಟೀಲು ಕೊಡಿಸಲು. ಮಗಳು ಒಂಬತ್ತು ಪಾಸಾಗಿ ಹತ್ತನೇ ತರಗತಿಗೆ ಕಾಲಿಟ್ಟಿದ್ದಳು. ಎರಡು ವರ್ಷದಿಂದ ಮೇಷ್ಟ್ರ ಮನೆಯ ಪಿಟೀಲಿನಲ್ಲೇ ಕಲಿಯುತ್ತಿದ್ದಳು.

“ಹತ್ತನೇ ಕ್ಲಾಸಲ್ಲಿ ಪಿಟೀಲು ಯಾಕಕ್ಕಾ? ಆ ದುಡ್ಡಲ್ಲಿ ಮ್ಯಾಥ್ಸ್ ಟ್ಯೂಷನ್‌ಗೆ ಹಾಕು” ಎಂದರು ಒಬ್ಬರು. “ಅದೆಲ್ಲ ನಮ್ಮಂಥೋರಿಗಲ್ಲ ಬಿಡು” ಎಂದರು ಇನ್ನೊಬ್ಬರು. ತಾಯಿಗೆ ಉತ್ತರ ಹೊಳೆಯಲಿಲ್ಲ. “ಅವಳಿಗೆ ಅದಂದ್ರೆ ಜೀವ ಕಣಕ್ಕಾ. ಅಷ್ಟೇ ನಂಗೊತ್ತಿರೋದು” ಎಂದು ಸುಮ್ಮನಾದರು. ತೀರ್ಮಾನ ಮುಂದಿನ ಸಭೆಗೆ ಹೋಯಿತು.

ಆ ಪ್ರಶ್ನೆ ನಮ್ಮನ್ನೂ ಕಾಡಿತು. ಈ ವಯಸ್ಸಿನಲ್ಲಿ ಮಕ್ಕಳು ಸಂಗೀತವನ್ನೇ ಯಾಕೆ ಹಿಡಿಯುತ್ತಾರೆ? ಹಿಡಿದವರಲ್ಲಿ ಎಷ್ಟೋ ಮಂದಿ ಮಧ್ಯದಲ್ಲಿ ಯಾಕೆ ಬಿಡುತ್ತಾರೆ? ಮಕ್ಕಳನ್ನೇ ಕೇಳೋಣ ಎಂದುಕೊಂಡೆವು. ಧರ್ಮಕೇಂದ್ರದ ಗಾನವೃಂದದಲ್ಲಿ ಹಾಡುವವರು, ಕೀಬೋರ್ಡ್ ಕ್ಲಾಸಿಗೆ ಹೋಗುವವರು, ಮೃದಂಗ, ತಬಲಾ ಕಲಿಯುವವರು, ಹೀಗೆ ಹಲವರ ಹತ್ತಿರ ಮಾತಾಡಿದೆವು. ಅವರು ಹೇಳಿದ್ದನ್ನೂ ನಾವು ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಶಾಲೆಯಲ್ಲಿ ಸಂಗೀತಕ್ಕೆ ಜಾಗ ಎಷ್ಟು?

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಇಂಗ್ಲೆಂಡಿನಂಥ ದೇಶದಲ್ಲಿ 14 ವರ್ಷದ ಮಕ್ಕಳು ಮುಂದಿನ ಪರೀಕ್ಷೆಗೆ ಕೆಲವು ವಿಷಯಗಳನ್ನು ತಾವೇ ಆರಿಸುತ್ತಾರೆ. ಆ ಪಟ್ಟಿಯಲ್ಲಿ ಸಂಗೀತವೂ ಇರುತ್ತದೆ. ಅಷ್ಟಿದ್ದೂ ಅಲ್ಲಿ ಸಂಗೀತ ಆರಿಸುವವರು ನೂರಕ್ಕೆ ಹತ್ತಕ್ಕಿಂತ ಕಡಿಮೆ.

ನಮ್ಮ ರಾಜ್ಯ ಪಠ್ಯಕ್ರಮದ ಹೈಸ್ಕೂಲಿನಲ್ಲಿ ಬಹುತೇಕ ಮಕ್ಕಳಿಗೆ ಈ ಆಯ್ಕೆಯೇ ಬರುವುದಿಲ್ಲ. ಭಾಷೆಗಳು, ಗಣಿತ, ವಿಜ್ಞಾನ, ಸಮಾಜ ಎಲ್ಲರಿಗೂ ಒಂದೇ. ವಿಶೇಷ ಚೇತನ ಮಕ್ಕಳಿಗೆ ಮಾತ್ರ ಎಸ್.ಎಸ್.ಎಲ್.ಸಿ.ಯಲ್ಲಿ ಒಂದು ವಿಷಯದ ಬದಲಿಗೆ ಕರ್ನಾಟಕ ಸಂಗೀತ ಅಥವಾ ಹಿಂದೂಸ್ತಾನಿ ಸಂಗೀತ ತೆಗೆದುಕೊಳ್ಳುವ ಅವಕಾಶ ಇದೆ. ಸಿ.ಬಿ.ಎಸ್.ಇ. ಮತ್ತು ಐ.ಸಿ.ಎಸ್.ಇ. ಪಟ್ಟಿಗಳಲ್ಲಿ ಸಂಗೀತ ಐಚ್ಛಿಕ ವಿಷಯವಾಗಿ ಇದೆಯಾದರೂ ಅದನ್ನು ನಿಜವಾಗಿ ಕಲಿಸುವ ಶಾಲೆಗಳು ಕಡಿಮೆ. ಸರಕಾರಿ ಶಾಲೆಗಳಲ್ಲಿ ಸಂಗೀತ ಶಿಕ್ಷಕರು ಅಪರೂಪ. ವರ್ಷಕ್ಕೊಮ್ಮೆ ಪ್ರತಿಭಾ ಕಾರಂಜಿ ಬಂದಾಗ ಭಾವಗೀತೆ, ಜನಪದ ಗೀತೆ ಹಾಡಿಸುತ್ತಾರೆ. ಗೆದ್ದ ಮಗು ಕ್ಲಸ್ಟರಿನಿಂದ ತಾಲ್ಲೂಕಿಗೆ, ಜಿಲ್ಲೆಗೆ, ರಾಜ್ಯಮಟ್ಟಕ್ಕೆ ಹೋಗಬಹುದು. ಸ್ಪರ್ಧೆ ಮುಗಿದ ಮೇಲೆ ಮತ್ತೆ ಮೌನ.

ಹಾಗಾಗಿ ನಮ್ಮ ಕಡೆ ಹೈಸ್ಕೂಲು ಮಗು ಸಂಗೀತ ಆರಿಸಿಕೊಂಡಿದೆ ಎಂದರೆ ಶಾಲೆ ಬಿಟ್ಟ ಮೇಲಿನ ತನ್ನ ಸಮಯವನ್ನು ಅದಕ್ಕೆ ಕೊಟ್ಟಿದೆ ಎಂದರ್ಥ. ಅಂಕದ ಆಸೆಯಿಲ್ಲದೆ, ಯಾರ ಒತ್ತಾಯವೂ ಇಲ್ಲದೆ ಮಾಡಿದ ಆಯ್ಕೆ ಅದು. ಅದನ್ನು ಹಗುರವಾಗಿ ನೋಡಬಾರದು.

ಮಕ್ಕಳು ಹೇಳುವ ಕಾರಣಗಳು

1. ಕಿವಿಗೆ ಬಿದ್ದದ್ದು. ಹೆಚ್ಚಿನ ಮಕ್ಕಳ ಮೊದಲ ಉತ್ತರ ಇದೇ. ಅಜ್ಜಿಯ ಸೋಬಾನೆ ಪದ, ಭಾನುವಾರದ ಪೂಜೆಯ ಗೀತೆ, ಶನಿವಾರದ ಭಜನೆ, ಊರಹಬ್ಬದ ತಮಟೆ, ಟಿ.ವಿ.ಯ ಹಾಡಿನ ಸ್ಪರ್ಧೆ. ಎಲ್ಲೋ ಒಂದು ಕಡೆ ಕೇಳಿದ್ದು ಒಳಗೆ ಕೂತುಬಿಡುತ್ತದೆ. ನಮ್ಮ ನಾಡಿನ ದೊಡ್ಡ ಉದಾಹರಣೆ ಭೀಮಸೇನ ಜೋಶಿಯವರದು. 1922ರಲ್ಲಿ ಹುಟ್ಟಿದ ಅವರು ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಮನಸೋತರು. 1933ರಲ್ಲಿ, 11ನೇ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ಹೊರಟರು. ಉತ್ತರ ಭಾರತವೆಲ್ಲ ಅಲೆದು ಬಂದ ಮೇಲೆ ಅವರಿಗೆ ಗುರು ಸಿಕ್ಕಿದ್ದು ನಮ್ಮದೇ ಕುಂದಗೋಳದ ಸವಾಯಿ ಗಂಧರ್ವರಲ್ಲಿ. ನಮ್ಮ ಮಕ್ಕಳು ಮನೆಬಿಟ್ಟು ಓಡುವುದು ಬೇಡ. ಆದರೆ ಆ ವಯಸ್ಸಿನಲ್ಲಿ ಒಂದು ದನಿ ಎಷ್ಟು ಬಲವಾಗಿ ಎಳೆಯಬಲ್ಲದು ಎಂಬುದು ನಮಗೆ ಗೊತ್ತಿರಲಿ.

2. ಜೊತೆಗಾರರು. ಹದಿಮೂರು ಹದಿನಾಲ್ಕರ ಮಗುವಿಗೆ ಅಪ್ಪ ಅಮ್ಮನಿಗಿಂತ ಗೆಳೆಯರ ಮಾತು ಹೆಚ್ಚು. “ನಾನು ಯಾರ ಪೈಕಿ?” ಎಂದು ಹುಡುಕುವ ಕಾಲ ಅದು. ಗಾನವೃಂದವೋ, ಶಾಲೆಯ ಬ್ಯಾಂಡೋ, ಭಜನಾ ಮಂಡಳಿಯೋ, ಅಲ್ಲಿ ಅವರಿಗೊಂದು ಜಾಗ ಸಿಗುತ್ತದೆ. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗ ಗುಂಪಿನಲ್ಲಿ ಹಾಡುತ್ತಾನೆ. ಓದಿನಲ್ಲಿ ಹಿಂದಿರುವ ಹುಡುಗಿ ತಾಳ ಹಿಡಿಯುವುದರಲ್ಲಿ ಮುಂದಿರುತ್ತಾಳೆ. “ಅಲ್ಲಿ ನನ್ನ ರ್‍ಯಾಂಕ್ ಎಷ್ಟು ಅಂತ ಯಾರೂ ಕೇಳಲ್ಲ” ಎಂದು ಒಬ್ಬ ಹುಡುಗ ನಮಗೆ ಹೇಳಿದ. ಅವನ ಮಾತು ನಮಗೆ ಮರೆಯುವಂತಿಲ್ಲ.

3. ತನ್ನ ಏಳಿಗೆ ತನ್ನ ಕಿವಿಗೇ ಕೇಳುತ್ತದೆ. ಕರ್ನಾಟಕ ಸಂಗೀತದ ಮೊದಲ ಪಾಠ ಸರಳೆ ವರಸೆ. ಮಾಯಾಮಾಳವಗೌಳ ರಾಗ, ಆದಿತಾಳ, ಎಂಟು ಎಣಿಕೆ. ಈ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂಬುದು ಸಂಪ್ರದಾಯ. ಒಂದೇ ಸಾಲನ್ನು ಮೊದಲು ನಿಧಾನವಾಗಿ, ಆಮೇಲೆ ಎರಡರಷ್ಟು, ಆಮೇಲೆ ನಾಲ್ಕರಷ್ಟು ವೇಗದಲ್ಲಿ ಹಾಡಬೇಕು. ನಂತರ ಜಂಟಿ ವರಸೆ, ಅಲಂಕಾರ, ಗೀತೆ. ಹೋದ ತಿಂಗಳು ಮೂರನೇ ಕಾಲದಲ್ಲಿ ತಪ್ಪುತ್ತಿದ್ದದ್ದು ಈ ತಿಂಗಳು ಕೂತಿದೆ ಎಂದರೆ ಅದನ್ನು ಹೇಳಲು ಮಾರ್ಕ್ಸ್ ಕಾರ್ಡ್ ಬೇಕಿಲ್ಲ. ಮಗುವಿಗೇ ಗೊತ್ತಾಗುತ್ತದೆ. “ನನ್ನ ಕೈಲಿ ಆಗುತ್ತೆ” ಎಂಬ ಧೈರ್ಯ ಹೀಗೆ ಬರುತ್ತದೆ.

4. ಮನಸ್ಸು ಹಗುರವಾಗುತ್ತದೆ. ಮನೆಯಲ್ಲಿ ಜಗಳ, ಬಾಡಿಗೆಯ ಚಿಂತೆ, ಪರೀಕ್ಷೆಯ ಭಯ, ಹೇಳಿಕೊಳ್ಳಲಾಗದ ಬೇಸರ ಎಲ್ಲವೂ ಈ ವಯಸ್ಸಿನಲ್ಲಿ ಇರುತ್ತವೆ. ಮಾತಿನಲ್ಲಿ ಹೇಳಲು ಬಾರದ್ದು ಹಾಡಿನಲ್ಲಿ ಹೊರಗೆ ಬರುತ್ತದೆ. ಹೆಣ್ಣುಮಕ್ಕಳು ಈ ಕಾರಣವನ್ನು ಹೆಚ್ಚಾಗಿ ಹೇಳಿದರು.

5. ಮುಂದೆ ಸಂಗೀತಗಾರರಾಗಬೇಕು. ಇದನ್ನು ಹೇಳಿದವರು ಬಹಳ ಕಡಿಮೆ. ದೊಡ್ಡವರು ಮಾತ್ರ ಮೊದಲು ಕೇಳುವುದೇ “ಇದರಿಂದ ಹೊಟ್ಟೆ ತುಂಬುತ್ತಾ?” ಎಂದು. ಮಗು ಒಂದು ಕಾರಣಕ್ಕೆ ಕಲಿಯುತ್ತಿರುತ್ತದೆ, ನಾವು ಬೇರೆಯೇ ಕಾರಣ ಹಿಡಿದು ತೂಗುತ್ತಿರುತ್ತೇವೆ. ಮನೆಯಲ್ಲಿ ಜಟಾಪಟಿ ಶುರುವಾಗುವುದು ಇಲ್ಲಿಂದಲೇ.

ಹಾಗಾದರೆ ಬಿಡುವುದು ಯಾಕೆ?

“ನಮ್ಮಂಥೋರಿಗಲ್ಲ” ಎಂಬ ಮಾತು. ಶಾಸ್ತ್ರೀಯ ಸಂಗೀತ ಒಂದು ಜಾತಿಯವರದು, ಪಿಯಾನೋ ಶ್ರೀಮಂತರದು, ತಮಟೆ ಕೀಳು ಎಂಬ ಎಣಿಕೆ ನಮ್ಮ ನಡುವೆ ಇನ್ನೂ ಇದೆ. ನಿಜ ಸಂಗತಿ ಬೇರೆ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆ ತಾಯಿ ಕೇಳಿದ ಪಿಟೀಲನ್ನೇ ನೋಡಿ. ಅದು ಯೂರೋಪಿನಿಂದ ಬಂದ ವಾದ್ಯ. ಸುಮಾರು 200 ವರ್ಷಗಳ ಹಿಂದೆ ಬಾಲುಸ್ವಾಮಿ ದೀಕ್ಷಿತರಂಥವರು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಮುಂದೆ ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ ಹೆಸರಾದರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಅವರ ಸ್ಮಾರಕ ಭವನ ಇದೆ. ಇಂದು ಅದೇ ಪಿಟೀಲು ಚರ್ಚಿನ ಗಾನವೃಂದದಲ್ಲೂ ಇದೆ, ರಾಮನವಮಿಯ ಕಚೇರಿಯಲ್ಲೂ ಇದೆ. ವಾದ್ಯ ಯಾರ ಸ್ವತ್ತೂ ಅಲ್ಲ.

ದನಿ ಒಡೆಯುವುದು. ಗಂಡುಮಕ್ಕಳು ಸಂಗೀತ ಬಿಡಲು ಇದು ದೊಡ್ಡ ಕಾರಣ, ಆದರೆ ಮನೆಯಲ್ಲಿ ಯಾರೂ ಇದನ್ನು ಮಾತಾಡುವುದಿಲ್ಲ. ಸುಮಾರು 12ರಿಂದ 15 ವರ್ಷದೊಳಗೆ ಹುಡುಗರ ಧ್ವನಿಪೆಟ್ಟಿಗೆ ಬೇಗ ಬೆಳೆಯುತ್ತದೆ, ಒಳಗಿನ ಧ್ವನಿತಂತುಗಳು ಉದ್ದ ಮತ್ತು ದಪ್ಪ ಆಗುತ್ತವೆ. ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಈ ತಿಂಗಳುಗಳಲ್ಲಿ ಹಾಡುವಾಗ ದನಿ ಒಡೆದು ಜಾರುತ್ತದೆ, ಗೆಳೆಯರು ನಗುತ್ತಾರೆ. ಹುಡುಗ “ನನ್ನ ದನಿ ಹೋಯ್ತು” ಎಂದು ಬಿಟ್ಟುಬಿಡುತ್ತಾನೆ. ದನಿ ಹೋಗಿರುವುದಿಲ್ಲ, ಬದಲಾಗಿರುತ್ತದೆ. ಶ್ರುತಿ ಇಳಿಸಿಕೊಂಡು, ಕಿರುಚದೆ ಮೆಲ್ಲಗೆ ಹಾಡಿದರೆ ಸಾಕು. ಬೇಕಾದರೆ ಆ ವರ್ಷ ಮೃದಂಗ, ಕೀಬೋರ್ಡ್ ಅಥವಾ ಕೊಳಲಿನ ಕಡೆ ತಿರುಗಬಹುದು. ಹೆಣ್ಣುಮಕ್ಕಳ ದನಿಯೂ ಸ್ವಲ್ಪ ಇಳಿಯುತ್ತದೆ, ಆದರೆ ಅಷ್ಟು ಎದ್ದು ಕಾಣುವುದಿಲ್ಲ.

ಜನರ ಮಾತು. ಹೆಣ್ಣುಮಕ್ಕಳಿಗೆ ಇದು ಹೆಚ್ಚು. ಗಂಗೂಬಾಯಿ ಹಾನಗಲ್ ಅವರ ಬಾಳನ್ನು ನೆನೆಯಿರಿ. 1913ರಲ್ಲಿ ಹುಟ್ಟಿದ ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದರು. ಮಗಳ ಹಿಂದೂಸ್ತಾನಿ ಕಲಿಕೆಗೆ ಅಡ್ಡಿಯಾಗಬಾರದೆಂದು ತಾಯಿ ತಮ್ಮ ಹಾಡನ್ನೇ ನಿಲ್ಲಿಸಿದರಂತೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಹಾಡಿದ ಆ ಹುಡುಗಿ ಓಣಿಯಲ್ಲಿ ಮೂದಲಿಕೆ ಕೇಳಬೇಕಾಯಿತು. ಮುಂದೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರಲ್ಲಿ ಕಲಿತರು. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಗಂಡುದನಿಯಷ್ಟು ದಪ್ಪವಾಯಿತು. ಆದರೂ ಬಿಡಲಿಲ್ಲ. ಆ ದನಿಯೇ ಅವರ ಗುರುತಾಯಿತು. ಇಂದು ಮೈಸೂರಿನಲ್ಲಿರುವ ರಾಜ್ಯದ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು. ಅವರಿಗೆ ಮನೆಯಲ್ಲಿ ಬೆನ್ನಿಗೆ ನಿಂತ ಒಬ್ಬ ತಾಯಿ ಇದ್ದರು ಎಂಬುದನ್ನು ಮರೆಯಬಾರದು.

ಹತ್ತನೇ ಕ್ಲಾಸು. ಎಲ್ಲಕ್ಕಿಂತ ದೊಡ್ಡ ಕಾರಣ ಇದು. ಜೂನ್ ಬಂದ ಕೂಡಲೆ “ಈ ವರ್ಷ ಒಂದು ಬಿಡು, ಆಮೇಲೆ ನೋಡೋಣ” ಎನ್ನುತ್ತೇವೆ. ಒಂದು ವರ್ಷ ಮುಟ್ಟದಿದ್ದರೆ ಬೆರಳು ಮರೆಯುತ್ತದೆ, ಜೊತೆಗಾರರು ಮುಂದೆ ಹೋಗಿರುತ್ತಾರೆ. ಪಿ.ಯು.ಸಿ. ಮುಗಿಯುವ ಹೊತ್ತಿಗೆ ವಾದ್ಯದ ಮೇಲೆ ಧೂಳು ಕೂತಿರುತ್ತದೆ. ಆ ‘ಆಮೇಲೆ’ ಬರುವುದು ಬಹಳ ಕಡಿಮೆ.

ಸಂಗೀತ ಕಲಿತರೆ ಮಾರ್ಕ್ಸ್ ಹೆಚ್ಚು ಬರುತ್ತಾ?

ಕೆಲವು ಕ್ಲಾಸುಗಳ ಬೋರ್ಡಿನಲ್ಲಿ ‘ಬುದ್ಧಿ ಚುರುಕಾಗುತ್ತದೆ’ ಎಂದು ಬರೆದಿರುತ್ತಾರೆ. ಇದರ ಮೂಲ ತಿಳಿದಿರಲಿ. 1993ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 36 ಕಾಲೇಜು ವಿದ್ಯಾರ್ಥಿಗಳಿಗೆ ಮೊಜಾರ್ಟನ ಸಂಗೀತ ಕೇಳಿಸಿ ಒಂದು ಪರೀಕ್ಷೆ ಕೊಟ್ಟರು. ಆಕಾರಗಳನ್ನು ಮನಸ್ಸಿನಲ್ಲೇ ಮಡಿಸಿ ಬಿಡಿಸುವಂಥ ಲೆಕ್ಕಗಳಲ್ಲಿ ಅವರು ಸ್ವಲ್ಪ ಮುಂದಿದ್ದರು. ಅದೂ ಹತ್ತು ಹದಿನೈದು ನಿಮಿಷ ಮಾತ್ರ. ಪತ್ರಿಕೆಗಳು ಅದನ್ನು ಹಿಗ್ಗಿಸಿ ಬರೆದವು. 1998ರಲ್ಲಿ ಅಲ್ಲಿಯ ಜಾರ್ಜಿಯಾ ರಾಜ್ಯದ ಗವರ್ನರ್ ಹಸುಗೂಸುಗಳಿಗೆಲ್ಲ ಸಂಗೀತದ ಸಿ.ಡಿ. ಹಂಚುವ ಯೋಜನೆ ತಂದರು! ನಂತರ ಅದೇ ಪ್ರಯೋಗ ಮಾಡಿದ ಹಲವರಿಗೆ ಆ ಫಲ ಸಿಗಲಿಲ್ಲ.

ಆದ್ದರಿಂದ ಅಂಕ ಬರಲಿ ಎಂದು ಯಾರೂ ಮಗುವನ್ನು ಸಂಗೀತಕ್ಕೆ ಹಾಕಬೇಡಿ. ಗಣಿತದ ಅಂಕ ಬರಬೇಕಾದರೆ ಗಣಿತವನ್ನೇ ಓದಬೇಕು. ಹಾಗೆಯೇ ದಿನಕ್ಕೆ ಅರ್ಧ ಗಂಟೆ ಸಂಗೀತಕ್ಕೆ ಕೊಟ್ಟರೆ ಓದು ಹಾಳಾಗುತ್ತದೆ ಎಂದೂ ಹೆದರಬೇಡಿ. ಮಕ್ಕಳ ಅರ್ಧ ಗಂಟೆ ಎಲ್ಲೆಲ್ಲಿ ಹೋಗುತ್ತದೆ ಎಂದು ಮೊಬೈಲು ಇರುವ ಮನೆಯವರಿಗೆ ನಾವು ಹೇಳಬೇಕಾಗಿಲ್ಲ.

ಮುಂದಿನ ದಾರಿ

ನಮ್ಮ ರಾಜ್ಯದಲ್ಲಿ ಸಂಗೀತಕ್ಕೆ ಜೂನಿಯರ್, ಸೀನಿಯರ್, ವಿದ್ವತ್ ಪೂರ್ವ, ವಿದ್ವತ್ ಅಂತಿಮ ಎಂಬ ಪರೀಕ್ಷೆಗಳಿವೆ. ಹಾಡುಗಾರಿಕೆ, ವಾದ್ಯ, ತಾಳವಾದ್ಯ ಮೂರಕ್ಕೂ ಇವೆ. ಬರೆಯುವ ಪರೀಕ್ಷೆಯೂ ಇರುತ್ತದೆ, ಹಾಡಿ ನುಡಿಸಿ ತೋರಿಸುವುದೂ ಇರುತ್ತದೆ. ಇವನ್ನು ಬಹುಕಾಲ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ನಡೆಸುತ್ತಿತ್ತು, ಈಚಿನ ವರ್ಷಗಳಲ್ಲಿ ಮೈಸೂರಿನ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯ ನಡೆಸುತ್ತಿದೆ. ಖಾಸಗಿಯಾಗಿ ಮನೆಯಲ್ಲಿ ಗುರುಗಳ ಬಳಿ ಕಲಿತವರೂ ಕಟ್ಟಬಹುದು. ಪಾಶ್ಚಾತ್ಯ ಸಂಗೀತ ಕಲಿಯುವವರಿಗೆ ಲಂಡನ್ನಿನ ಟ್ರಿನಿಟಿ ಕಾಲೇಜಿನಂಥ ಸಂಸ್ಥೆಗಳ ಒಂದರಿಂದ ಎಂಟರವರೆಗಿನ ಗ್ರೇಡ್ ಪರೀಕ್ಷೆಗಳಿವೆ. ಶುಲ್ಕ ಹೆಚ್ಚು, ಮೊದಲೇ ವಿಚಾರಿಸಿ.

ಪಿ.ಯು.ಸಿ.ಯ ಕಲಾ ವಿಭಾಗದಲ್ಲಿ ಸಂಗೀತ ಐಚ್ಛಿಕ ವಿಷಯವಾಗಿದೆ, ಆದರೆ ಎಲ್ಲ ಕಾಲೇಜುಗಳಲ್ಲಿ ಇಲ್ಲ. ಮುಂದೆ ಪದವಿಯೂ ಇದೆ. 10ರಿಂದ 14 ವರ್ಷದ ಪ್ರತಿಭಾವಂತ ಮಕ್ಕಳಿಗೆ ಕೇಂದ್ರ ಸರಕಾರದ ಸಿ.ಸಿ.ಆರ್.ಟಿ. ಸಂಸ್ಥೆ ಸಾಂಸ್ಕೃತಿಕ ಪ್ರತಿಭಾ ವಿದ್ಯಾರ್ಥಿವೇತನ ಕೊಡುತ್ತದೆ. ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯ ಶಿಷ್ಯವೇತನವೂ ಇದೆ. ಅರ್ಜಿ ಕರೆದಾಗ ಗಮನಿಸಿ.

ಕಣ್ಣು ಕಾಣದ ಮಕ್ಕಳಿದ್ದ ಮನೆಯವರು ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ತಿಳಿದಿರಬೇಕು. ತಾವೇ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಅಲ್ಲಿ ಅಂಧ, ಬಡ ಮಕ್ಕಳಿಗೆ ಅನ್ನ, ವಸತಿಯೊಂದಿಗೆ ಸಂಗೀತ ಕಲಿಸಿದರು. ‘ಸಂಗೀತದಿಂದ ಹೊಟ್ಟೆ ತುಂಬುತ್ತಾ?’ ಎಂಬ ಪ್ರಶ್ನೆಗೆ ಅಲ್ಲಿ ಕಲಿತು ತಮ್ಮ ಕಾಲ ಮೇಲೆ ನಿಂತ ಎಷ್ಟೋ ಗಾಯಕರು, ಸಂಗೀತ ಶಿಕ್ಷಕರೇ ಉತ್ತರ. ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಅವರು ತೀರಿಕೊಂಡರು.

ನಮ್ಮ ಕಡೆಯ ಮಕ್ಕಳಿಗೆ ಈಗ ದೂರವೂ ದೊಡ್ಡ ಅಡ್ಡಿಯಲ್ಲ. 2021ರ ಜನವರಿಯಲ್ಲಿ ಮೆಟ್ರೊ ತಲಘಟ್ಟಪುರ ದಾಟಿ ರೇಷ್ಮೆ ಸಂಸ್ಥೆಯವರೆಗೆ ಬಂತು. ಬನಶಂಕರಿ, ಜಯನಗರಕ್ಕೆ ಕನಕಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ಬಸ್ಸಿಗೆ ಕಾಯದೆ ಹೋಗಿಬರಬಹುದು. ಜೆ.ಪಿ. ನಗರ 7ನೇ ಹಂತದಲ್ಲಿ 2019ರಿಂದ ‘ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್’ ಎಂಬ ಸಂಗೀತ ವಸ್ತುಸಂಗ್ರಹಾಲಯ ಇದೆ. ಮುಟ್ಟಿ ನುಡಿಸಿ ನೋಡಬಹುದಾದ ನಾದದ ತೋಟವೂ ಅಲ್ಲಿದೆ. ರಜೆಯಲ್ಲಿ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ರಾಮನವಮಿಯ ಹೊತ್ತಿಗೆ ಚಾಮರಾಜಪೇಟೆ, ಜಯನಗರದಲ್ಲಿ ದೊಡ್ಡ ವಿದ್ವಾಂಸರ ಕಚೇರಿಗಳು ನಡೆಯುತ್ತವೆ.

ಮನೆಯವರು ಏನು ಮಾಡಬಹುದು?

• “ಯಾಕೆ ಕಲೀತೀಯ?” ಎಂದು ಗದರುವ ದನಿಯಲ್ಲಿ ಕೇಳಬೇಡಿ. “ಇವತ್ತು ಏನು ಹೇಳಿಕೊಟ್ರು? ಒಂದು ಸಲ ಹಾಡು, ಕೇಳ್ತೀನಿ” ಎನ್ನಿ. ಕಾರಣ ತಾನಾಗಿ ತಿಳಿಯುತ್ತದೆ.

• ಭಾನುವಾರ ಎರಡು ಗಂಟೆ ಕೂರಿಸುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಅಭ್ಯಾಸ ಒಳ್ಳೆಯದು. ಹತ್ತನೇ ತರಗತಿಯಲ್ಲಿ ಹೊಸ ಪಾಠ ಕಡಿಮೆ ಮಾಡಿ, ಕಲಿತದ್ದನ್ನು ಉಳಿಸಿಕೊಳ್ಳಲು ಬಿಡಿ. ಪರೀಕ್ಷೆಯ ತಿಂಗಳು ಬೇಕಾದರೆ ಕ್ಲಾಸಿಗೆ ರಜೆ ಹಾಕಿ.

• ವಾದ್ಯ ಕೊಳ್ಳುವ ಮೊದಲು ಕಲಿಸುವವರನ್ನು ಕೇಳಿ. ಪಿಟೀಲಿನಲ್ಲಿ ಚಿಕ್ಕ ಮಕ್ಕಳಿಗೆ ಅರ್ಧ, ಮುಕ್ಕಾಲು ಅಳತೆಯವು ಇವೆ. ಹೈಸ್ಕೂಲು ಮಕ್ಕಳಿಗೆ ಸಾಮಾನ್ಯವಾಗಿ ಪೂರ್ತಿ ಅಳತೆಯದೇ ಆಗುತ್ತದೆ, ಮತ್ತೆ ಬದಲಿಸಬೇಕಾಗಿಲ್ಲ. ಸೆಕೆಂಡ್ ಹ್ಯಾಂಡ್ ಆದರೂ ಸಾಕು, ಮೇಷ್ಟ್ರು ನೋಡಿ ಒಪ್ಪಿರಬೇಕು.

• ಕ್ಲಾಸಿಗೆ ಸೇರಿಸುವ ಮುಂಚೆ ಹೋಗಿ ನೋಡಿ. ಎಲ್ಲಿ ಕೂರಿಸುತ್ತಾರೆ, ಯಾರಿರುತ್ತಾರೆ, ಎಷ್ಟು ಹೊತ್ತಿಗೆ ಬಿಡುತ್ತಾರೆ ತಿಳಿದುಕೊಳ್ಳಿ. ಮಗು ಹೋಗಲು ಹಿಂಜರಿದರೆ ಕಾರಣ ಕೇಳದೆ ಬೈಯಬೇಡಿ.

• ಬೇಡವೆನ್ನುವ ಮಗುವನ್ನು ಪಕ್ಕದ ಮನೆಯವರು ಕಲಿಯುತ್ತಾರೆ ಎಂದು ಎಳೆದು ಸೇರಿಸಬೇಡಿ. ಚಿತ್ರ, ಆಟ, ಹೊಲಿಗೆ, ನಾಟಕ, ಅದಕ್ಕೂ ಒಂದು ಇಷ್ಟ ಇದ್ದೇ ಇರುತ್ತದೆ.

ಮತ್ತೆ ಆ ಸಭೆ

ಮುಂದಿನ ಸಭೆಗೆ ಆ ತಾಯಿ ಮಗಳನ್ನೂ ಕರೆದುಕೊಂಡು ಬಂದರು. ಮೇಷ್ಟ್ರು ಆ ದಿನಕ್ಕೆ ತಮ್ಮ ಪಿಟೀಲು ಕೊಟ್ಟು ಕಳಿಸಿದ್ದರು. ಹುಡುಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮೊದಲು ಒಂದು ಗೀತೆ ನುಡಿಸಿದಳು, ಆಮೇಲೆ ಚರ್ಚಿನಲ್ಲಿ ಎಲ್ಲರೂ ಹಾಡುವ ಒಂದು ಹಾಡು. ನಡುವೆ ಎರಡು ಕಡೆ ತಪ್ಪಿತು, ನಿಲ್ಲಿಸಿ ಮತ್ತೆ ನುಡಿಸಿದಳು. ಹೋದ ಸಲ “ನಮ್ಮಂಥೋರಿಗಲ್ಲ” ಎಂದಿದ್ದವರು “ಇನ್ನೊಂದು ಸಲ ಬಾರಿಸು ಮಗಾ” ಎಂದರು.

ಸಾಲ ಮಂಜೂರಾಯಿತು. ಹತ್ತು ಕಂತು. ಟ್ಯೂಷನ್ ಬೇಕೆಂದಿದ್ದ ಸದಸ್ಯೆ ಒಂದು ಷರತ್ತು ಹಾಕಿದರು: ಸಂಜೆ ಓದಿದ ಮೇಲೆ ಪಿಟೀಲು, ಪಿಟೀಲಿನ ಮೇಲೆ ಊಟ. ಹುಡುಗಿ ಒಪ್ಪಿದಳು.

ಅವಳು ಮುಂದೆ ವಿದುಷಿಯಾಗುತ್ತಾಳೋ ಇಲ್ಲವೋ ನಮಗೆ ತಿಳಿಯದು. ನರ್ಸ್ ಆಗಬಹುದು, ಟೀಚರ್ ಆಗಬಹುದು. ಏನೇ ಆದರೂ ಬೇಸರದ ಸಂಜೆಗೆ ಅವಳ ಕೈಯಲ್ಲೊಂದು ವಾದ್ಯ ಇರುತ್ತದೆ. ನಿಮ್ಮ ಮನೆಯಲ್ಲೂ ಹೀಗೆ ಕೇಳುವ ಮಗು ಇದ್ದರೆ, ಬೇಡ ಎನ್ನುವ ಮೊದಲು ಒಮ್ಮೆ ಕೂತು ಅದರ ಹಾಡು ಕೇಳಿ.